ಅವ್ವನ ಬೆನ್ನಿಗೊಂದು ಹಲಗೆ

ಹರಿಹರದ ಹೊಳೆದಂಡೆಯಲ್ಲಿ ಕವುಚಿಬಿದ್ದಿದ್ದ ಅಪ್ಪನ ದೋಣಿಯನ್ನು ರಿಪೇರಿ ಮಾಡಲು ಕೂತಾಗ ಚಿಕ್ಕಪ್ಪ ಏನೂ ಅನ್ನಲಿಲ್ಲ. ಲಡ್ಡಾದ ಹಲಗೆ ಕಿತ್ತು ಹೊಸದು ಬಡಿದೆ, ಸಂದಿಗೆ ಹತ್ತಿ ತುರುಕಿ ಡಾಂಬರು ಕಾಸಿ ಹೊಯ್ದೆ. ಇಲ್ಲೇ ಹತ್ತಿರದ ಕರೂರಿನ ಫ್ಯಾಕ್ಟರಿಯೊಂದರಲ್ಲಿ ಮರದ ಪೆಟ್ಟಿಗೆ ಹೊಡೆಯುವುದೇ ನನ್ನ ಕೆಲಸ. ಹೆಣ್ಣುಮಗಳ ಕೈಯಲ್ಲಿ ಕೊಡತಿ ಕಂಡು ನಗುವವರು ನಕ್ಕು ಸಾಯಲಿ.

ಗಲಾಟೆ ಶುರುವಾದದ್ದು ಒರಗುವ ಹಲಗೆಯಿಂದ. ಬಚ್ಚಲಲ್ಲಿ ಜಾರಿಬಿದ್ದ ಮೇಲೆ ಅವ್ವ ಬೆನ್ನಿಗೆ ಆಸರೆ ಇಲ್ಲದೆ ಕೂರಲಾರಳು. ಅವಳಿಗಿದ್ದದ್ದು ಒಂದೇ ಆಸೆ: ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ನಡುಹೊಳೆಯ ಬಂಡೆಗೆ ಅವನದೇ ದೋಣಿಯಲ್ಲಿ ಇನ್ನೊಂದು ಸಲ ಹೋಗಬೇಕು. ಅದಕ್ಕೆಂದೇ, ಬೇಕಾದ ಕಡೆ ಸಿಕ್ಕಿಸಿ ಬೇಡವಾದಾಗ ಕೀಳುವಂಥ ಹಲಗೆ ಮಾಡಿದೆ. ಆದರೆ ನಮ್ಮ ದೋಣಿಯವರ ಮನೆಗಳಲ್ಲಿ ಬೆನ್ನಿಗೆ ಹಲಗೆ ಕೊಡುವುದು ಹೊಳೆಯಿಂದ ಎತ್ತಿದ ಹೆಣಕ್ಕೆ ಮಾತ್ರ. ಮುಳುಗಿ ಸತ್ತ ಅಪ್ಪನನ್ನು ಹಾಗೆ ಒರಗಿಸಿಕೊಂಡು ದಂಡೆಗೆ ತಂದವನು ಚಿಕ್ಕಪ್ಪನೇ.

ಕೊಡಲಿ ಹಿಡಿದೇ ಬಂದ. “ಬದುಕಿರೋ ಅತ್ತಿಗೇನ ಹೆಣ ಮಾಡ್ತೀಯೇನೇ?” ಎಂದು ಹಲಗೆಯನ್ನು ಸಿಗಿದು ಹಾಕಿದ. ಅಡ್ಡ ಹೋದ ನನ್ನ ಕೆನ್ನೆಗೆ ಬಾರಿಸಿದ, ಬಾಯಿತುಂಬ ರಕ್ತ. ಕೊಡತಿಯಿಂದ ಅವನ ಮೊಣಕೈಗೆ ಬಿಟ್ಟೆ. ನನಗೇನು ಕೈ ಇಲ್ಲವೇ? ಒಳಗೆ ಮಲಗಿದ್ದ ಅವ್ವ, “ನಾ ಇನ್ನೂ ಸತ್ತಿಲ್ಲಪ್ಪೋ!” ಎಂದು ಕೂಗಿದಳು. ನಮ್ಮ ಬೈಗುಳದ ನಡುವೆ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನೊಂದು ಹಲಗೆ ಮಾಡಿ ಬಚ್ಚಿಟ್ಟೆ. ಅವನು ಬಲೆ ತರಲು ಮಂಡಿಪೇಟೆಗೆ ಹೋದ ದಿನ ಅವ್ವನನ್ನು ಎತ್ತಿ ದೋಣಿಯಲ್ಲಿ ಒರಗಿಸಿ ಹುಟ್ಟು ಹಾಕಿದೆ. ಅವ್ವ ದೋಣಿಯಿಂದಲೇ ಕೈಚಾಚಿ ಬಂಡೆ ಮುಟ್ಟಿ ಅತ್ತಳು. ಅಷ್ಟರಲ್ಲಿ ಚಿಕ್ಕಪ್ಪ ಈಜಿಕೊಂಡು ಬಂದ. ಸುದ್ದಿ ಮುಟ್ಟಿಸಿದವರ ಬಾಯಿಗೆ ಮಣ್ಣು ಬೀಳ! ಬಂಡೆ ಹತ್ತಿದವನೇ ನನ್ನ ಜಡೆ ಹಿಡಿದು ತಲೆಯನ್ನು ದೋಣಿಯ ಅಂಚಿಗೆ ಕುಟ್ಟಿದ. ಕಣ್ಣು ಕತ್ತಲಿಟ್ಟಿತು. ಸಿಕ್ಕಲ್ಲಿ ಒದ್ದೆ. ಪಾಚಿಯ ಮೇಲೆ ಜಾರಿ ಅಂಗಾತ ಬಿದ್ದ. ಪಕ್ಕೆಲುಬು ಲಟಕ್ಕೆಂದದ್ದು ಕೇಳಿಸಿತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

“ಇಲ್ಲೇ ಬಿದ್ದು ಸಾಯ್ಲಿ, ನಡೀ ಹೋಗಾನ,” ಎಂದೆ. ನಿಜವಾಗಿಯೂ ಬಿಟ್ಟುಹೋಗುತ್ತಿದ್ದೆ.

“ಹಲಗೆ ಕೀಳು,” ಅಂದಳು ಅವ್ವ. “ಅವನ ಬೆನ್ನಿಗೆ ಕೊಡು. ನಾ ಕೆಳಗೆ ಮಲಕ್ಕೊಂತೀನಿ.”

ಹಲ್ಲು ಕಚ್ಚಿಕೊಂಡು ಅವನನ್ನು ದೋಣಿಗೆ ಎಳೆದು ಹಾಕಿದೆ. ಕೂತರೆ ಮುಂದಕ್ಕೆ ಕುಸಿಯುತ್ತಿದ್ದ, ಮಲಗಿಸಿದರೆ ಉಸಿರು ಹಿಡಿಯುತ್ತಿತ್ತು. ಅವನ ಹಿಂದೆ ಹಲಗೆ ಸಿಕ್ಕಿಸಿದೆ. ಕೊಡಲಿ ಬೀಸಿದ್ದ ಆ ಗಂಡಸು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ.

“ಬ್ಯಾಡ್ರಿ ಅತ್ತಿಗೆ, ತೆಗಸ್ರಿ ಅದನ್ನ! ನಾ ಇನ್ನೂ ಸತ್ತಿಲ್ಲ!”

ಅವನ ಕಾಲಬುಡದಲ್ಲಿ ಮಲಗಿದ್ದ ಅವ್ವ ಆಕಾಶ ನೋಡುತ್ತಲೇ ಅಂದಳು: “ನಾನೂ ಅವತ್ತು ಅದನ್ನೇ ಅಂದೆ. ಒರಗು.”