ಒದ್ದೆ ಬಟ್ಟೆಗೂ ಬಂದ ಆರೋಗ್ಯ ವರದಿ

ಕೋವಿಡ್ ತಣ್ಣಗಾದ ಮರುವರ್ಷ. ನಾನಾಗ ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ಬಯೋಮೆಡಿಕಲ್ ಎಂಜಿನಿಯರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಸರಳ: ಆಸ್ಪತ್ರೆಯ ಯಂತ್ರಗಳು ಹೇಳುವುದು ನಿಜವೇ ಎಂದು ನೋಡುವುದು. ಬಿ.ಪಿ. ಯಂತ್ರವಾಗಲಿ, ವೆಂಟಿಲೇಟರ್ ಆಗಲಿ, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯೊಂದನ್ನು ಅದಕ್ಕೆ ಕೊಟ್ಟು, ಅದು ಏನು ಹೇಳುತ್ತದೆ ಎಂದು ತಾಳೆ ಹಾಕಬೇಕು. ಇದನ್ನೇ ಕ್ಯಾಲಿಬ್ರೇಷನ್ ಎನ್ನುತ್ತೇವೆ. ರೋಗಿಗಳ ಜೊತೆ ನನಗೆ ಮಾತುಕತೆ ಕಡಿಮೆ. ಹಾಗಾಗಿ ಒಂದು ಬೆಳಿಗ್ಗೆ ನಮ್ಮ ಆಸ್ಪತ್ರೆಯ ಡಾಕ್ಟರ್ ಗಿರಿಜಾ ಫೋನ್ ಮಾಡಿ, "ಒಬ್ಬ ಪೇಷೆಂಟ್ ಹತ್ರ ನೀವು ಮಾತಾಡ್ಬೇಕಲ್ಲ" ಎಂದಾಗ ಆಶ್ಚರ್ಯವಾಯಿತು.

ರೋಗಿಯ ಹೆಸರು ರಂಗಣ್ಣ, ಭದ್ರಾವತಿಯ ನ್ಯೂ ಟೌನಿನವರು. ಕಾರ್ಖಾನೆಯಲ್ಲಿ ಲಾರಿಗಳನ್ನು ಸರಕಿನ ಸಮೇತ ತೂಗುವ ವೇಬ್ರಿಡ್ಜ್ ನೋಡಿಕೊಂಡು ನಿವೃತ್ತರಾದವರು. ಸಕ್ಕರೆ ಕಾಯಿಲೆಗೆ ಬಹಳ ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಅಲ್ಲೇ ಹತ್ತಿರದ ಜನ್ನಾಪುರದ ತಪಾಸಣಾ ಕೇಂದ್ರವೊಂದಕ್ಕೆ ಹೊಸ ಯಂತ್ರ ಬಂದಿತ್ತು. ಲೋಹದ ಕಡ್ಡಿಯೊಂದನ್ನು ಅಂಗೈಯಲ್ಲಿ ಹಿಡಿದು ಕೂತರೆ ಸಾಕು, ರಕ್ತ ತೆಗೆಯದೆಯೇ ಇಡೀ ದೇಹದ ಸ್ಥಿತಿ ಹೇಳುತ್ತದಂತೆ. ಅದು ರಂಗಣ್ಣನವರ ಮೇದೋಜೀರಕ ಗ್ರಂಥಿ 'ನಾರ್ಮಲ್' ಎಂದಿತು. ಇನ್ಸುಲಿನ್ ಹುಟ್ಟುವುದೇ ಆ ಗ್ರಂಥಿಯಲ್ಲಿ. ಇನ್ನೇನು ಬೇಕು, ಅವರು ಇಂಜೆಕ್ಷನ್ ಬಿಟ್ಟರು. ಕೆಲವೇ ವಾರಗಳಲ್ಲಿ ಪ್ರಜ್ಞೆ ತಪ್ಪಿ ನಮ್ಮ ಐಸಿಯುಗೆ ಬಂದರು. ಚೇತರಿಸಿಕೊಂಡ ಮೇಲೂ, ಮನೆಗೆ ಹೋದರೆ ಸೂಜಿ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದರು.

"ಡಾಕ್ಟರು ತಪ್ಪು ಮಾಡಬಹುದು ಕಣಮ್ಮ. ಸುಳ್ಳು ಹೇಳಿ ಮಿಷನ್ನಿಗೆ ಏನಾಗ್ಬೇಕಿದೆ?" ಎಂದರು, ವಾರ್ಡಿಗೆ ಹೋದ ನನ್ನನ್ನು ನೋಡಿ.

"ನಿಮ್ಮ ವೇಬ್ರಿಡ್ಜ್ ಸರಿ ಇದೆ ಅಂತ ಹೇಗೆ ಗೊತ್ತಾಗ್ತಿತ್ತು?"

"ಬಾಟು ಇಟ್ಟು ನೋಡ್ತಿದ್ವಿ. ತೂಕ ಗೊತ್ತಿರೋ ಕಬ್ಬಿಣದ ಕಲ್ಲು."

"ಈ ಮಿಷನ್ನಿಗೆ ಬಾಟು ಇಟ್ಟು ನೋಡಿದೋರು ಯಾರು?"

ನಾನು ಬಿಡಲಿಲ್ಲ. "ಇಬ್ಬರೂ ಹೋಗಿ ನೋಡೋಣ. ಬಾಟು ನೀವೇ. ಅಲ್ಲೀವರೆಗೂ ಇನ್ಸುಲಿನ್ ತಪ್ಪಿಸೋ ಹಾಗಿಲ್ಲ." ಅವರು ನಕ್ಕು ಒಪ್ಪಿದರು. ಡಿಸ್ಚಾರ್ಜ್ ಆದ ದಿನವೇ ನನ್ನ ಕಾರಿನಲ್ಲಿ ಜನ್ನಾಪುರಕ್ಕೆ ಹೋದೆವು.

ಕೇಂದ್ರ ನಡೆಸುತ್ತಿದ್ದವರು ಮಂಜುಳಾ ಎಂಬ ಯುವತಿ. ನಾನು ಯಾರು, ಯಾಕೆ ಬಂದೆ ಎಂಬುದನ್ನು ಮುಚ್ಚಿಡದೆ ಹೇಳಿದೆ. ರಂಗಣ್ಣ ಐಸಿಯು ಸೇರಿದ್ದು ಕೇಳಿ ಆಕೆ ಗಾಬರಿಯಾದರು. "ಇಂಜೆಕ್ಷನ್ ಬಿಡಿ ಅಂತ ನಾನು ಹೇಳಿಲ್ಲ ಮೇಡಂ. ಆದ್ರೆ ಮಿಷನ್ ಒಳ್ಳೇದೇ, ಬೇಕಾದ್ರೆ ನೋಡಿ" ಎಂದು ತಾವೇ ಕುರ್ಚಿ ಎಳೆದು ಕೊಟ್ಟರು. ಮೋಸಗಾರರ ದನಿ ಅದಲ್ಲ.

ಆ ಬೆಳಿಗ್ಗೆ ನಮ್ಮ ಲ್ಯಾಬಿನಲ್ಲಿ ರಂಗಣ್ಣನವರ ರಕ್ತ ಪರೀಕ್ಷೆಯಾಗಿತ್ತು. ಸಕ್ಕರೆ ಇನ್ನೂ ಹೆಚ್ಚೇ ಇತ್ತು. ಅವರು ಕಡ್ಡಿ ಹಿಡಿದರು. ಯಂತ್ರ ಮತ್ತೆ 'ನಾರ್ಮಲ್' ಎಂದಿತು. ಈ ಯಂತ್ರಕ್ಕೆ ಮೊದಲು ವಯಸ್ಸು, ತೂಕ, ಗಂಡೋ ಹೆಣ್ಣೋ ಎಂದು ಬರೆದುಕೊಡಬೇಕು. ಎರಡನೇ ಸಲ ಮಂಜುಳಾ ನನ್ನ ಮಾತಿನಂತೆ ವಯಸ್ಸು ಇಳಿಸಿ, 'ಹೆಣ್ಣು' ಎಂದು ಒತ್ತಿದರು. ಕೈ ಅದೇ ರಂಗಣ್ಣನವರದು. ಈಗ ಅವರ ಗರ್ಭಕೋಶ ದುರ್ಬಲವಾಗಿದೆ ಎಂದು ಬಂತು.

"ಇದರ ಮನೆ ಕಾಯ್ವಾಗ! ಮೊಮ್ಮಕ್ಕಳನ್ನ ಕಂಡಿರೋ ಗಂಡಸು ನಾನು" ಎಂದು ರಂಗಣ್ಣ ಕಡ್ಡಿ ಕೆಳಗಿಟ್ಟರು.

ಕೊನೆಗೆ ಮೇಜು ಒರೆಸುವ ಬಟ್ಟೆಯನ್ನು ಒದ್ದೆ ಮಾಡಿ ಕಡ್ಡಿಗೆ ಸುತ್ತಿಟ್ಟೆ. ಯಂತ್ರ ತಡವರಿಸಲೇ ಇಲ್ಲ. ಕ್ಯಾಲ್ಸಿಯಂ ಕೊರತೆ, ಪಿತ್ತಕೋಶದಲ್ಲಿ ಸ್ವಲ್ಪ ಊತ, ಹೃದಯ ಉತ್ತಮ.

ರಂಗಣ್ಣ ನಗತೊಡಗಿದವರು ಮಂಜುಳಾರ ಮುಖ ನೋಡಿ ನಿಲ್ಲಿಸಿದರು. ಆಕೆ ಗೋಡೆಗೆ ಒರಗಿ ನಿಂತಿದ್ದರು. "ನಮ್ಮಮ್ಮ ಎದೇಲಿ ಗಂಟಿದೆ ಅಂತ ಹೇಳ್ತಾನೇ ಇದ್ರು ಮೇಡಂ. ಇದ್ರಲ್ಲೇ ನೋಡಿದೆ. ಏನೂ ಇಲ್ಲ ಅಂತ ಬಂತು. ನಾನೇ ಧೈರ್ಯ ಹೇಳಿ ಸುಮ್ನಾಗಿಸಿದೆ."

ತಕ್ಷಣ ಎದ್ದವರು ರಂಗಣ್ಣ: "ಅಳ್ತಾ ಕೂತ್ರೆ ಆಗಲ್ಲ ಮಾರಾಯ್ತಿ. ಬಾಗಿಲು ಹಾಕು, ಅಮ್ಮನ್ನ ಕರ್ಕೊಂಡು ಬಾ. ಮೇಡಂ ಕಾರಲ್ಲೇ ಹೋಗೋಣ."

ಸಂಜೆಯೊಳಗೆ ಆ ತಾಯಿ ನಮ್ಮ ಆಸ್ಪತ್ರೆಯಲ್ಲಿದ್ದರು. ಗಂಟಿನ ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ಖಚಿತವಾಯಿತು. ಅದೃಷ್ಟಕ್ಕೆ ಅದು ಬೇರೆಡೆಗೆ ಹರಡಿರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು, ಕೀಮೋ ಆಯಿತು, ಕೂದಲು ಉದುರಿ ಮತ್ತೆ ಬಂತು. ಮಂಜುಳಾ ಯಂತ್ರವನ್ನು ಮೂಲೆಗಿಟ್ಟು, ಅದರಲ್ಲಿ ನೋಡಿಸಿಕೊಂಡವರ ಮನೆಮನೆಗೆ ಹೋಗಿ, "ಆ ರಿಪೋರ್ಟ್ ನಂಬ್ಬೇಡಿ, ಡಾಕ್ಟರ ಹತ್ರ ತೋರಿಸ್ಕೊಳ್ಳಿ" ಎಂದು ಹೇಳಿ ಬಂದರು. ಕೆಲವರು ಬೈದರಂತೆ. ಆದರೂ ಒಂದು ಮನೆಯನ್ನೂ ಆಕೆ ಬಿಡಲಿಲ್ಲ. ರಂಗಣ್ಣ ಮರುಮಾತಿಲ್ಲದೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ.

ರಕ್ತ ತೆಗೆಯದೆ ಬರೀ ನಾಡಿ ಹಿಡಿದು ನೋಡುವ ವೈದ್ಯರ ಜೊತೆ ನನಗೆ ಜಗಳವಿಲ್ಲ. ಅವರಿಗೆ ಎದುರಿಗೆ ಕೂತವರು ಮನುಷ್ಯರು ಎಂಬುದಾದರೂ ಗೊತ್ತಿರುತ್ತದೆ. ನನ್ನ ವೃತ್ತಿ ಕಲಿಸಿದ್ದು ಇಷ್ಟು: ಇ.ಸಿ.ಜಿ. ಯಂತ್ರದ ತಂತಿ ಕಳಚಿದರೆ ಅದು ಕೂಗಿಕೊಳ್ಳುತ್ತದೆ, ತನಗೇನೂ ಕಾಣುತ್ತಿಲ್ಲ ಎನ್ನುತ್ತದೆ. 'ನನಗೆ ಗೊತ್ತಿಲ್ಲ' ಎನ್ನಲು ಬಾರದ ಯಂತ್ರ ಎಷ್ಟೇ ಚೆಂದದ ಉತ್ತರ ಕೊಟ್ಟರೂ, ಅದರ ಕೈಗೆ ಜೀವ ಕೊಡಬಾರದು.