ನಿಂಬೆಹಣ್ಣಿಗೆ ಕಳಿಸಿದರು

ನಾನು ವಿಮಾನ ಹತ್ತಿದವನಲ್ಲ. ಹತ್ತುವುದೂ ಇಲ್ಲ. ಮಕ್ಕಳು ಟಿಕೆಟ್ ತೆಗೆಸುತ್ತೇವೆ ಅಂದಾಗಲೆಲ್ಲ, ರೈಲಿಗೇನು ರೋಗ ಬಂದಿದೆ ಅಂತ ಗದರಿಸಿ ಬಾಯಿ ಮುಚ್ಚಿಸಿದ್ದೇನೆ. ಅಪ್ಪನಿಗೆ ಹೆದರಿಕೆ ಅಂತ ಅವರು ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ. ಒಂದು ವಿಮಾನದ ಇಂಜಿನ್ನನ್ನು ನಟ್ಟು ನಟ್ಟೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿದವನಿಗೆ ಹೆದರಿಕೆ ಎಲ್ಲಿಂದ ಬರಬೇಕು?

ಸ್ವಾತಂತ್ರ್ಯ ಬಂದು ಮೂರೋ ನಾಲ್ಕೋ ವರ್ಷವಾಗಿತ್ತು. ಮೈಸೂರಿನ ಚಾಮರಾಜಪುರಂನಲ್ಲಿ ನಮ್ಮ ಮನೆ. ನಡೆದು ಹೋಗುವಷ್ಟು ದೂರದಲ್ಲಿ, ಕಾರು ರಿಪೇರಿ ಮಾಡುವ ಶೆಡ್ಡಿನಲ್ಲಿ ನನ್ನ ಕೆಲಸ. ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅವ್ವ, ನಾನು, ನನಗಿಂತ ಆರು ವರ್ಷಕ್ಕೆ ಚಿಕ್ಕವನಾದ ತಮ್ಮ. ತಮ್ಮ ಚೆನ್ನಾಗಿ ಕಾರು ಓಡಿಸುತ್ತಿದ್ದ, ಆದರೆ ಖಾಯಂ ಕೆಲಸ ಅಂತ ಸಿಕ್ಕಿರಲಿಲ್ಲ. ಪಕ್ಕದ ಬೀದಿಯಲ್ಲಿ ನನ್ನ ಗೆಳೆಯನ ಮನೆ. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ನಮ್ಮ ಅವ್ವನ ಕೈಯ ಮುದ್ದೆ ಅವನು ಎಷ್ಟು ಉಂಡಿದ್ದಾನೋ ಲೆಕ್ಕವಿಲ್ಲ. ಯುದ್ಧದ ಕಾಲದಲ್ಲಿ ಅವನು ವಿಮಾನ ಹಾರಿಸುವುದನ್ನು ಕಲಿತು ಬಂದಿದ್ದ.

ಊರಿನ ಸಾಹುಕಾರರೊಬ್ಬರಿಗೆ ವಿಮಾನದ ಹುಚ್ಚು ಹತ್ತಿತು. ಬೆಳಗಾವಿಯ ಹತ್ತಿರ ಯಾರದೋ ತಗಡಿನ ಶೆಡ್ಡಿನಲ್ಲಿ ಬಿದ್ದಿದ್ದ ಹಳೇ ವಿಮಾನವೊಂದನ್ನು ಕೊಂಡರು. ಯುದ್ಧಕ್ಕಿಂತ ಹಿಂದಿನದು. ಬಟ್ಟೆ ಹೊದಿಸಿದ ರೆಕ್ಕೆಗಳು ಮೇಲೊಂದು ಜೊತೆ, ಕೆಳಗೊಂದು ಜೊತೆ. ತಲೆಯ ಮೇಲೆ ಸೂರಿಲ್ಲದ ಎರಡೇ ಸೀಟು, ಒಂದರ ಹಿಂದೆ ಒಂದು. ಹಾರಿಸುವವನು ಹಿಂದೆ ಕೂರಬೇಕು, ಮುಂದಿನದು ಜೊತೆಗಾರನಿಗೆ. ಅದನ್ನು ಹಾರಿಸಿಕೊಂಡೇ ಮೈಸೂರಿಗೆ ತರುವುದು ಅಂತಾಯಿತು. ‘ಇವನು ಬಂದರೆ ಮಾತ್ರ ನಾನು ಒಪ್ಪೋದು’ ಅಂತ ಗೆಳೆಯ ಸಾಹುಕಾರರ ಮುಂದೆ ನನ್ನ ಭುಜ ತಟ್ಟಿದ. ಆ ತಟ್ಟಿದ್ದಕ್ಕೇ ನಾನು ಉಬ್ಬಿಹೋದೆ.

ಹದಿನೈದು ದಿನ ಆ ಶೆಡ್ಡಿನಲ್ಲಿ ಮಲಗಿ ಎದ್ದು ಇಂಜಿನ್ ರಿಪೇರಿ ಮಾಡಿದೆ. ಒಂದು ಸಂಜೆ ಗೆಳೆಯ ತಾನಾಗಿಯೇ ಹೇಳಿದ, ನಾನು ಕೇಳಿರಲಿಲ್ಲ. “ಕೊನೇ ಹಾರಾಟ ನಿಂದು ಕಣೋ. ಚನ್ನರಾಯಪಟ್ಟಣದಿಂದ ಮೈಸೂರಿಗೆ ಮುಂದಿನ ಸೀಟಲ್ಲಿ ನೀನೇ. ನಿಮ್ಮನೆ ಮೇಲೆ ಒಂದು ಸುತ್ತು ಹಾಕಿ ಅವ್ವಂಗೆ ನಿನ್ನ ತೋರಿಸ್ತೀನಿ.”

ಅವತ್ತೇ ಅವ್ವನಿಗೆ ಕಾಗದ ಬರೆದೆ. ಎದುರುಮನೆಯ ಹುಡುಗಿ ಓದಿ ಹೇಳಿದಳಂತೆ. ಒಂದು ಸಲವಲ್ಲ, ಅವ್ವ ನಾಲ್ಕು ಸಲ ಓದಿಸಿದರಂತೆ. ಬೀದಿಗೆಲ್ಲ ಸುದ್ದಿಯಾಯಿತು. ಅಪ್ಪನ ಬಿಳಿ ಪಂಚೆಯನ್ನು ಸಂಡಿಗೆ ಒಣಗಿಸುವ ತಾರಸಿಯ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟಿರು, ಮೇಲಿನಿಂದ ಗುರುತು ಸಿಗುತ್ತದೆ ಅಂತ ಆ ಕಾಗದದಲ್ಲಿ ಬರೆದಿದ್ದೆ.

ಆ ಉಪಾಯ ನಮ್ಮ ದಾರಿಗೆಂದು ಮಾಡಿಕೊಂಡದ್ದೇ. ವಿಮಾನದಲ್ಲಿ ವೈರ್‌ಲೆಸ್ಸು ಗೀರ್‌ಲೆಸ್ಸು ಏನೂ ಇರಲಿಲ್ಲ. ಒಂದು ಸಲ ತುಂಬಿದ ಪೆಟ್ರೋಲು ಎರಡು ಗಂಟೆಗಿಂತ ಹೆಚ್ಚು ಬರುತ್ತಿರಲಿಲ್ಲ. ಅದಕ್ಕೇ ಸಾಹುಕಾರರ ಹಳೇ ಕಾರಿನಲ್ಲಿ ಪೆಟ್ರೋಲ್ ಡಬ್ಬ, ಸ್ಪ್ಯಾನರು, ಹಗ್ಗ ಎಲ್ಲ ಹೇರಿಕೊಂಡು ತಮ್ಮ ದಿನಾ ಬೆಳಕು ಹರಿಯುವ ಮುಂಚೆ ಹೊರಡುತ್ತಿದ್ದ. ಮುಂದಿನ ಊರಿನ ಹತ್ತಿರ ಮಟ್ಟಸವಾದ ಜಾಗ ಹುಡುಕಿ, ಕಲ್ಲು ಆಯ್ದು, ದನ ಅಟ್ಟಿ, ಬಿಳಿ ಪಂಚೆ ಹಾಸುವುದು. ಗಾಳಿ ಯಾವ ಕಡೆಗೆ ಅಂತ ತೋರಿಸುವುದಕ್ಕೆ ಹಸಿ ಹುಲ್ಲಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸುವುದು. ಗೆಳೆಯ ಬೆಳಕು ಬಲಿತ ಮೇಲೆ ಹೊರಟು, ರಸ್ತೆ ನೋಡಿಕೊಂಡು ಬಂದು ಇಳಿಯುತ್ತಿದ್ದ. ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ, ಎಲ್ಲ ಹೀಗೇ ದಾಟಿದೆವು.

ಹೊರಡಿಸುವಾಗ ಇನ್ನೊಂದು ಕೆಲಸವಿತ್ತು. ಅದಕ್ಕೆ ಕೀಲಿ ಇಲ್ಲ, ಬಟನ್ ಇಲ್ಲ. ಗೆಳೆಯ ಒಳಗೆ ಕೂತು ಸ್ವಿಚ್ ಹಾಕಬೇಕು. ಇನ್ನೊಬ್ಬ ಮುಂದೆ ನಿಂತು ಮೂತಿಯ ಫ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ತಿರುಗಿಸಿ ಥಟ್ಟನೆ ಹಿಂದೆ ಸರಿಯಬೇಕು. ಸರಿಯದಿದ್ದರೆ ಕೈ ಹೋಯಿತು. ಯಾರೂ ತಿರುಗಿಸದೆ ಆ ವಿಮಾನ ಅಲ್ಲಾಡುವ ಹಾಗಿಲ್ಲ. ಅದು ನನ್ನ ಕೆಲಸವಾಗಿತ್ತು. ಹತ್ತಿರದ ಊರಿನವರು ಯಾರಾದರೂ ಬೆಳಿಗ್ಗೆ ತಿರುಗಿಸಲಿ ಅಂದರೆ ಗೆಳೆಯನಿಗೆ ನಂಬಿಕೆ ಸಾಲದು. ಹಾಗಾಗಿ ಇಂಜಿನ್ ಶುರು ಮಾಡಿಕೊಟ್ಟು, ಅವನು ಹಾರಿದ ಮೇಲೆ ನಾನು ಸಿಕ್ಕಿದ ಬಸ್ಸೋ ಲಾರಿಯೋ ಹಿಡಿದು ಮುಂದಿನ ಊರು ಸೇರುತ್ತಿದ್ದೆ. ಕೊನೇ ದಿನ ನಾನೇ ಒಳಗೆ ಕೂರುವವನಲ್ಲವೇ, ಆಗ ತಿರುಗಿಸುವುದಕ್ಕೆ ಒಬ್ಬ ಬೇಕಲ್ಲ ಅಂತ ದಾವಣಗೆರೆಯಲ್ಲಿ ತಮ್ಮನಿಗೆ ಕಲಿಸಿದೆ. ಕಾಲು ಎಲ್ಲಿಡಬೇಕು, ಎಷ್ಟು ಜಗ್ಗಬೇಕು, ಯಾವಾಗ ಸರಿಯಬೇಕು, ಎಲ್ಲ ಕೈ ಹಿಡಿದು ಕಲಿಸಿದೆ.

ಬೆಳಗಾವಿಯಲ್ಲಿ ಮೊದಲ ದಿನ ಹೊರಡುವಾಗ ನಾನು ಗಾಲಿಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟು, ಮೂತಿಗೆ ಕುಂಕುಮ ಹಚ್ಚಿದ್ದೆ. ಹೊಸ ಗಾಡಿಯಾಗಲಿ, ರಿಪೇರಿಯಾಗಿ ಹೊರಗೆ ಬಂದ ಗಾಡಿಯಾಗಲಿ, ನಿಂಬೆಹಣ್ಣು ಜಜ್ಜದೆ ನಮ್ಮ ಶೆಡ್ಡಿನಿಂದ ಯಾವುದೂ ಹೊರಡುತ್ತಿರಲಿಲ್ಲ. ಗೆಳೆಯ ಬಿದ್ದು ಬಿದ್ದು ನಕ್ಕ. “ಲೇ, ಇದೇನು ತರಕಾರಿ ಲಾರಿ ಅಂದ್ಕೊಂಡ್ಯಾ?” ಅಂದ. ದಾರಿಯುದ್ದಕ್ಕೂ ಅದನ್ನೇ ಹೇಳಿ ಹೇಳಿ ರೇಗಿಸಿದ. ಎರಡನೇ ದಿನದಿಂದ ನಾನು ನಿಂಬೆಹಣ್ಣಿನ ಮಾತೆತ್ತಲಿಲ್ಲ.

ಚನ್ನರಾಯಪಟ್ಟಣದ ಆಚೆ, ನೀರಿಲ್ಲದ ಒಂದು ಕೆರೆಯಂಗಳದಲ್ಲಿ ಕೊನೆಯ ತಂಗು. ಮೈಸೂರಿನ ಮಂಡಕಳ್ಳಿಯಲ್ಲಿ ವಿಮಾನ ಇಳಿಯುವ ಬಯಲು ಮೊದಲೇ ಇತ್ತು, ಹಾಗಾಗಿ ಮಾರನೇ ದಿನ ತಮ್ಮ ಮುಂದೆ ಹೋಗಬೇಕಾಗಿರಲಿಲ್ಲ. ಸಂಜೆ ಗೆಳೆಯ ಚರ್ಮದ ಟೋಪಿ, ಕನ್ನಡಕ ತಂದು ನನ್ನ ತಲೆಗೆ ಹಾಕಿ ನೋಡಿದ. “ಸರಿಯಾಗಿದೆ. ಸೀಟಲ್ಲೇ ಇಟ್ಟಿರು,” ಅಂದ. ಇಟ್ಟೆ. ಬೆಳಿಗ್ಗೆ ನೋಡಿದರೆ ಸಾಹುಕಾರರ ಅಳಿಯ ಬಂದಿದ್ದಾರೆ. ಅವರನ್ನು ಬಿಟ್ಟುಹೋಗಲು ಬಂದ ಕಾರು ಆಗಲೇ ವಾಪಸು ಹೋಗಿತ್ತು. ಹೊರಡುವುದನ್ನು ನೋಡುವುದಕ್ಕೆ ಬಂದಿರಬೇಕು, ಆಮೇಲೆ ತಮ್ಮನ ಜೊತೆ ನಮ್ಮ ಕಾರಿನಲ್ಲಿ ಬರುತ್ತಾರೆ ಅಂದುಕೊಂಡೆ. ಪಾಪ, ಸೂಟು ಹಾಳಾದೀತು ಅಂತ ಹಿಂದಿನ ಸೀಟಿನ ಡಬ್ಬಗಳನ್ನೆಲ್ಲ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಟವೆಲ್ ಹಾಸಿದೆ. ನನ್ನಂಥ ಬೆಪ್ಪುತಕ್ಕಡಿ ಈ ಸೀಮೆಯಲ್ಲೇ ಇರಲಿಲ್ಲ.

ಗೆಳೆಯ ಹತ್ತಿರ ಬಂದು ಮೆಲ್ಲಗೆ ಹೇಳಿದ. “ಇವತ್ತು ನಿಂಬೆಹಣ್ಣು ಇಡಾನ ಕಣೋ. ಊರಿಗೆ ಹೋಗೋ ದಿನ. ಹಳ್ಳಿಗೆ ಹೋಗಿ ಎರಡು ತಕೊಂಡು ಬಂದ್ಬುಡು.”

ಅಷ್ಟು ದಿನ ನಕ್ಕವನು ಈಗ ತಾನಾಗಿಯೇ ಕೇಳುತ್ತಿದ್ದಾನೆ. ಅಲ್ಲೇ ನನಗೆ ಅನುಮಾನ ಬರಬೇಕಾಗಿತ್ತು. ಬರಲಿಲ್ಲ. ನನ್ನ ಪದ್ಧತಿಗೆ ಕೊನೆಗೂ ಮರ್ಯಾದೆ ಕೊಟ್ಟ ಅಂತ ಹಿಗ್ಗಿಹೋದೆ. ಪಂಚೆ ಎತ್ತಿ ಕಟ್ಟಿ, ಮುಕ್ಕಾಲು ಮೈಲಿ ಓಡಿಕೊಂಡೇ ಹೋದೆ. ಮೊದಲ ಮನೆಯಲ್ಲಿ ಇಲ್ಲ. ಎರಡನೇ ಮನೆಯ ಅಜ್ಜಿ ಹಿತ್ತಲಿಗೆ ಹೋಗಿ ಗಿಡದಿಂದಲೇ ನಾಲ್ಕು ಕಿತ್ತುಕೊಟ್ಟರು. “ಗಾಡಿಗಾ?” ಅಂದರು. “ವಿಮಾನಕ್ಕೆ ಕಣಜ್ಜಿ, ಅದ್ರಲ್ಲಿ ನಾನು ಹೋಯ್ತಿದೀನಿ,” ಅಂದೆ. ಅವರು ಒಂದು ಹಿಡಿ ಹೂವನ್ನೂ ಕೊಟ್ಟರು.

ಅಜ್ಜಿಯ ಬಾಗಿಲಲ್ಲಿ ನಿಂತಿದ್ದಾಗಲೇ ಇಂಜಿನ್ ಸದ್ದು ಕೇಳಿತು. ನಾನೇ ಕೂಡಿಸಿದ ಇಂಜಿನ್ನು, ಆ ಸದ್ದು ನನಗೆ ಗೊತ್ತಾಗದೆ ಇರುತ್ತದೆಯೇ? ಬಿಸಿಯಾಗಲಿ ಅಂತ ಶುರು ಮಾಡಿದ್ದಾರೆ ಅಂದುಕೊಂಡು ಓಡಿದೆ. ಕೆರೆಯ ಏರಿ ಹತ್ತುವಷ್ಟರಲ್ಲಿ ಅದು ನನ್ನ ತಲೆಯ ಮೇಲೆಯೇ ಹಾದುಹೋಯಿತು. ಮುಂದಿನ ಸೀಟಿನಲ್ಲಿ ನನ್ನ ಟೋಪಿ, ನನ್ನ ಕನ್ನಡಕ. ಹಿಂದಿನ ಸೀಟಿನವನು ಕೆಳಗೆ ನೋಡಲಿಲ್ಲ.

ಕೆರೆಯಂಗಳದಲ್ಲಿ ತಮ್ಮ ಒಬ್ಬನೇ ಪಂಚೆ ಮಡಚುತ್ತ ನಿಂತಿದ್ದ. ಗೆಳೆಯ ಮೋಸ ಮಾಡಿದ ಅಂತ ಎದೆ ಉರಿಯುತ್ತಿತ್ತು. ಆದರೆ ಹತ್ತಿರ ಹೋಗುತ್ತ ಹೋಗುತ್ತ ಇನ್ನೊಂದು ಹೊಳೆಯಿತು.

“ಫ್ಯಾನು ಯಾರ್ಲಾ ತಿರುಗಿಸ್ದೋರು?” ಅಂದೆ.

ಅವನು ಮಡಚಿದ ಪಂಚೆಯನ್ನು ಬಿಚ್ಚಿ ಮತ್ತೆ ಮಡಚಿದ. “ಅಳಿಯಂದ್ರು ರಾತ್ರೇನೆ ಹೇಳ್ಕಳಿಸಿದ್ರು ಕಣಣ್ಣ. ಮಂಡಕಳ್ಳೀಲಿ ಹಾರ ಹಿಡ್ಕೊಂಡು ಜನ ಕಾಯ್ತಾ ಅವ್ರಂತೆ, ಅವರೇ ಇಳೀಬೇಕಂತೆ. ನಂಗೆ ಅವರ ಮನೇಲಿ ಡ್ರೈವರ್ ಕೆಲಸ ಕೊಡ್ತೀನಿ ಅಂದ್ರು. ನಿಂಗೆ ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?”

“ಇರ್ತಿರ್ಲಿಲ್ಲ.”

“ಅದಕ್ಕೇಯ,” ಅಂದ.

ನಿಂಬೆಹಣ್ಣುಗಳನ್ನು ಅವನ ಮೇಲೆ ಎಸೆದೆ. ಒಂದು ಎದೆಗೆ ಬಿತ್ತು, ಉಳಿದವು ಎಲ್ಲೋ ಹೋದವು. ಬೇರೆಯವರಾಗಿದ್ದರೆ ಹಲ್ಲು ಉದುರಿಸುತ್ತಿದ್ದೆ. ನಾನು ಹೆಗಲ ಮೇಲೆ ಹೊತ್ತು ತಿರುಗಿದ ತಮ್ಮ ಇವನು. ಹೊಡೆಯಲಿಕ್ಕೂ ಆಗಲಿಲ್ಲ, ಬಿಡಲಿಕ್ಕೂ ಆಗಲಿಲ್ಲ. ಒರೆಸಿಟ್ಟಿದ್ದ ಹಿಂದಿನ ಸೀಟಿನಲ್ಲಿ, ಆ ಟವೆಲಿನ ಮೇಲೆ ನಾನೇ ಹೋಗಿ ಕೂತೆ. ರೇಡಿಯೇಟರ್ ಕಾದು ಎರಡು ಕಡೆ ನಿಲ್ಲಿಸಿದಾಗಲೂ ನಾನು ಇಳಿಯಲಿಲ್ಲ, ನೀರು ಹಾಕಿದವನು ಅವನೇ.

ಮಂಡಕಳ್ಳಿ ಮುಟ್ಟುವಾಗ ಜನ ಚದುರಿದ್ದರು. ವಿಮಾನದ ಸುತ್ತ ಹಾರದ ಹೂವು ಬಿದ್ದಿತ್ತು. ಗೆಳೆಯ ನನ್ನ ಮುಖ ನೋಡಿ ತಾನೇ ಎದ್ದು ಬಂದ.

“ಬೇಜಾರು ಮಾಡ್ಕೋಬೇಡ ಕಣೋ. ದೊಡ್ಡೋರು ಹೇಳಿದ್ಮೇಲೆ ನಾನೇನು ಮಾಡ್ಲಿ? ಆದ್ರೂ ನಿಮ್ಮನೆ ಮೇಲೆ ಸುತ್ತು ಹಾಕ್ದೆ. ಅವ್ವ ಕಾಯ್ತಿರ್ತಾರಲ್ಲ ಅಂತ. ಅಳಿಯಂದ್ರಿಗೆ ಹೇಳಿ ಕೈನೂ ಬೀಸಿಸ್ದೆ.”

ಮೈ ಉರಿದುಹೋಯಿತು. ಮೋಸಕ್ಕಿಂತ ಆ ಉಪಕಾರವನ್ನು ನನಗೆ ತಡೆಯಲಾಗಲಿಲ್ಲ. “ಇನ್ನು ನಮ್ಮನೆ ಹೊಸ್ತಿಲು ತುಳೀಬೇಡ,” ಅಂದು ತಿರುಗಿ ಬಂದೆ. ಅವನು ತುಳಿಯಲಿಲ್ಲ. ಆಮೇಲೆ ಹತ್ತು ಹನ್ನೆರಡು ವರ್ಷ ಅದೇ ಬೀದಿಗಳಲ್ಲಿ ಎದುರು ಬದುರಾದೆವು, ಮಾತಿಲ್ಲ.

ಅವತ್ತು ಮನೆ ಮುಟ್ಟಿದಾಗ ದೀಪ ಹಚ್ಚುವುದಕ್ಕೆ ಇನ್ನೂ ಹೊತ್ತಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದರು, ಅಕ್ಕಪಕ್ಕದ ಹೆಂಗಸರೂ ಇದ್ದರು. ಅವ್ವನ ಮುಖ ಅಷ್ಟು ಅರಳಿದ್ದನ್ನು ಅಪ್ಪ ಹೋದ ಮೇಲೆ ನಾನು ಕಂಡಿರಲಿಲ್ಲ. “ನೋಡ್ದೆ ಕಣಪ್ಪ, ಕೈ ಬೀಸ್ದೆಯಲ್ಲ,” ಅಂತ ನನ್ನ ಕೆನ್ನೆ ಸವರಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ತಮ್ಮ ಹೇಳಿದ. “ಹೂಂ ಕಣವ್ವ, ಅಣ್ಣನೇ ಬೀಸಿದ್ದು.”

ನನಗೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಜಾಗ ಉಳಿಸಲಿಲ್ಲ ಅವನು. ಅಷ್ಟು ಜನರ ಎದುರಿಗೆ ಇಲ್ಲ ಅನ್ನುವುದು ಹೇಗೆ?

“ನಾನು ಹಾಸಿದ್ದು ಮೇಲಿಂದ ಕಾಣ್ತೇನಪ್ಪ?” ಅಂದರು ಅವ್ವ.

“ಕಾಣ್ದೆ ಏನವ್ವ? ಅಪ್ಪನ ಪಂಚೆ ಬೆಳ್ಳಗೆ ಎಷ್ಟು ದೂರದಿಂದ ಕಾಣ್ತಿತ್ತು,” ಅಂದೆ.

ಅವ್ವನ ಕೈ ನನ್ನ ಕೆನ್ನೆಯ ಮೇಲೆಯೇ ನಿಂತಿತು. ಒಂದು ಗಳಿಗೆ ನನ್ನ ಕಣ್ಣು ನೋಡಿದರು. ಆಮೇಲೆ ತಮ್ಮನನ್ನು ನೋಡಿದರು. ಅವನು ತಲೆ ಬಗ್ಗಿಸಿದ. ಹೆಂಗಸರು ಏನೋ ಹೇಳಲು ಹೊರಟರು. ಅವ್ವ ಬಿಡಲಿಲ್ಲ. “ದಣಿದು ಬಂದವ್ನೆ, ತಲೆ ತಿರುಗ್ತಿರ್ತದೆ. ಹೋಗಪ್ಪ, ಮೇಲೆ ಹಾಸಿರೋದನ್ನ ತಕೊಂಡು ಬಾ,” ಅಂದರು.

ತಾರಸಿ ಹತ್ತಿದೆ. ಅಪ್ಪನ ಪಂಚೆ ಕಾಣಲಿಲ್ಲ. ಒಂದು ಮೂಲೆಯಲ್ಲಿ ಚಾಪೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ನಡುವೆ ಅವ್ವನ ಧಾರೆಯ ಸೀರೆ. ಕೆಂಪು ಸೀರೆ, ಅಪ್ಪ ಹೋದ ದಿನದಿಂದ ಟ್ರಂಕಿನಿಂದ ಆಚೆಗೆ ಬಂದಿರದ ಸೀರೆ. ನಾಲ್ಕು ಮೂಲೆಗೆ ತೊಳೆದ ಕಲ್ಲು ಇಟ್ಟಿದ್ದರು. ಇಂಥ ದಿನಕ್ಕೆ ಹಳೇ ಪಂಚೆ ಯಾಕೆ ಅನ್ನಿಸಿರಬೇಕು ಅವ್ವನಿಗೆ. ಅಲ್ಲೇ ಕೂತು ಅತ್ತೆ.

ಸೀರೆ ಮಡಚಿ ತಂದುಕೊಟ್ಟೆ. ಅವ್ವ ಅದನ್ನು ಟ್ರಂಕಿಗೆ ಸೇರಿಸಿದರು. “ಕೈ ತೊಳಕೋ, ಮುದ್ದೆ ಆರೋಯ್ತದೆ,” ಅಂದರು.

ಮಾರನೇ ದಿನ ನಲ್ಲಿಯ ಹತ್ತಿರ ಅವ್ವ ಹೆಂಗಸರಿಗೆ ಹೇಳುತ್ತಿದ್ದರು. “ಕುಕ್ಕರಹಳ್ಳಿ ಕೆರೆ ಆಚೆಯಿಂದಲೇ ಕೆಂಪು ಸೀರೆ ಕಾಣ್ತಂತೆ ಕಣ್ರವ್ವ. ಮೇಲೆ ಹೋದ್ರೆ ಬಿಸಿಲಿಗೆ ಎಲ್ಲ ಬೆಳ್ಳಗೆ ಹೊಡೀತದಂತೆ, ಅದಕ್ಕೇ ನಿನ್ನೆ ಅಂಗಂದ. ಅಲ್ವೇನಪ್ಪ?”

ಕೊಡ ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ನಾನು ಹೌದು ಅಂದೆ.