ಅಕ್ಕನ ಹೋಟೆಲ್ಲೂ ನಮ್ಮೂರ ಹಾಸಿಗೆ ತೆರಿಗೆಯೂ

ನನ್ನ ಅಕ್ಕ ನ್ಯೂಜಿಲೆಂಡಿಗೆ ಬರುತ್ತಿದ್ದಾಳೆ! ವರ್ಷಗಟ್ಟಲೆ ಕರೆದು ಕರೆದು ನನ್ನ ಬಾಯಿ ಒಣಗಿತ್ತು. ಮೊನ್ನೆ ಮೈಸೂರಿನಿಂದ ಫೋನ್ ಮಾಡಿ, "ಟಿಕೆಟ್ ಆಯ್ತು ಕಣೇ" ಎಂದಳು. ನಾನು ಸೌಟು ಹಿಡಿದುಕೊಂಡೇ ಅಡುಗೆಮನೆಯಲ್ಲಿ ಕುಣಿದೆ. ಆಮೇಲೆ ಅವಳು ಇನ್ನೊಂದು ಮಾತು ಸೇರಿಸಿದಳು.

"ಹ್ಯಾಮಿಲ್ಟನ್‌ನಲ್ಲಿ ಹೋಟೆಲ್ ನೋಡ್ತಿದಾರೆ ನಿಮ್ಮ ಭಾವ. ನಿಮ್ಮನೆಗೆ ಹತ್ರಾನೇ ಅಂತೆ. ನಿನಗ್ಯಾಕೆ ಸುಮ್ನೆ ತೊಂದ್ರೆ?"

ಹೋಟೆಲ್ಲೇ? ಒಡಹುಟ್ಟಿದ ತಂಗಿಯ ಮನೆ ಇರುವ ಊರಲ್ಲಿ?

ಮೈಸೂರಿನಲ್ಲಿ ನಮ್ಮ ಮನೆಗೆ ಬಂದ ನೆಂಟರು ಹೋಟೆಲಿಗೆ ಹೋಗುತ್ತಿದ್ದದ್ದು ಮಸಾಲೆ ದೋಸೆ ತಿನ್ನಲು ಮಾತ್ರ. ದಸರಾ ಬಂತೆಂದರೆ ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ಸಾಲು ಹಾಸಿಗೆ, ಇರುವುದೊಂದೇ ಬಚ್ಚಲು, ಅದರ ಮುಂದೆ ಟವೆಲ್ ಹಿಡಿದವರ ಕ್ಯೂ. ನನಗೂ ಅಕ್ಕನಿಗೂ ಒಂದೇ ರಗ್ಗು. ಅವಳು ಅದನ್ನು ಪೂರ್ತಿ ತನ್ನ ಕಡೆಗೇ ಎಳೆದುಕೊಳ್ಳುತ್ತಿದ್ದಳು, ನಾನು ಅಮ್ಮನಿಗೆ ದೂರು ಹೇಳುತ್ತಿದ್ದೆ. ಈಗ ನನ್ನ ಮನೆಯಲ್ಲಿ ಗೆಸ್ಟ್ ರೂಮ್ ಇದೆ. ಅದಕ್ಕೇ ಬೇರೆ ಬಾತ್‌ರೂಮ್ ಇದೆ. ಗೆಸ್ಟ್ ಇಲ್ಲ.

ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು, "ಅಮ್ಮಾ, ದಟ್ಸ್ ಸೋ ಕನ್ಸಿಡರೇಟ್ ಆಫ್ ದೊಡ್ಡಮ್ಮ" ಎಂದಳು. ನಾನು ನೋಡಿದ ನೋಟಕ್ಕೆ ಮೆಲ್ಲಗೆ ತನ್ನ ರೂಮ್ ಸೇರಿಕೊಂಡಳು.

ಅದೇ ವಾರ ನಮ್ಮೂರ ಕೌನ್ಸಿಲ್ ಜನರ ಅಭಿಪ್ರಾಯ ಕೇಳಲು ಸಭೆ ಕರೆದಿತ್ತು. ಮನೆ ಕಂದಾಯಕ್ಕೆ ಇಲ್ಲಿ ರೇಟ್ಸ್ ಅನ್ನುತ್ತಾರೆ. ಅದು ವರ್ಷ ವರ್ಷವೂ ಏರುತ್ತಲೇ ಇರುತ್ತದೆ. (ಇಳಿದದ್ದನ್ನು ಕಂಡವರಿದ್ದರೆ ಹೇಳಿ, ಮನೆಗೆ ಕರೆದು ಒಬ್ಬಟ್ಟು ಹಾಕುತ್ತೇನೆ.) ಆ ಭಾರ ಕಡಿಮೆ ಮಾಡಲು ಹೊಸ ತೆರಿಗೆ ತರೋಣವೇ ಎಂಬುದು ಚರ್ಚೆ. ಅದರಲ್ಲೂ ಹಾಸಿಗೆ ತೆರಿಗೆ. ಅಂದರೆ, ಹೋಟೆಲು ಮೋಟೆಲುಗಳಲ್ಲಿ ತಂಗುವವರು ರಾತ್ರಿಗಿಷ್ಟು ಅಂತ ಊರಿಗೂ ಕಟ್ಟಬೇಕು. (ಇದಕ್ಕೆಲ್ಲ ರಾಜಧಾನಿ ವೆಲ್ಲಿಂಗ್ಟನ್‌ನಲ್ಲಿ ಕೂತವರು ಒಪ್ಪಬೇಕು, ಅದು ಬೇರೆಯೇ ಪುರಾಣ.)

ಪಕ್ಕದ ಮನೆಯ ಜೋನ್ ಜೊತೆ ನಾನೂ ಹೋದೆ. ಜೋನ್ ರಿಟೈರ್ಡ್ ನರ್ಸ್, ಇವತ್ತಿಗೂ ಯೂಟ್ ಎಂಬ ಪಿಕಪ್ ಗಾಡಿ ಓಡಿಸುವ ಗಟ್ಟಿಗಿತ್ತಿ.

ಮೋಟೆಲ್ ನಡೆಸುವವರೊಬ್ಬರು ಎದ್ದು, "ಹೀಗೆ ಮಾಡಿದ್ರೆ ಬರೋರೂ ಪಕ್ಕದ ಊರಿಗೆ ಹೋಗ್ತಾರೆ" ಎಂದರು. ಹೌದಲ್ಲ ಅನ್ನಿಸಿತು. ಇನ್ನೊಬ್ಬರು, "ನಮ್ಮ ರಸ್ತೆ, ನಮ್ಮ ನೀರು ಬಳಸೋರು ಒಂದಿಷ್ಟು ಕೊಡಲಿ ಬಿಡಿ" ಎಂದರು. ಅದೂ ಹೌದಲ್ಲ! ಅಷ್ಟರಲ್ಲಿ ಹಿಂದಿನ ಸಾಲಿನಿಂದ ಧಾರವಾಡದ ಗುರುರಾಜ್ ಅಂಕಲ್ ಬಗ್ಗಿ ಗಾಬರಿಯಿಂದ ಪಿಸುಗುಟ್ಟಿದರು.

"ಅಲ್ರೀ, ನಮ್ಮ ಮನ್ಯಾಗ ಬೀಗರು ಬಂದು ಆರು ತಿಂಗಳಿಂದ ಅದಾರ. ಅವರ ಹಾಸಿಗಿಗೂ ತೆರಗಿ ಏನ್ರಿ?"

"ಇಲ್ಲ ಅಂಕಲ್, ದುಡ್ಡು ಕೊಟ್ಟು ಇರೋರಿಗೆ ಮಾತ್ರ" ಎಂದೆ.

"ಹಂಗಾದ್ರ ಬದುಕಿದೆ ಬಿಡ್ರಿ" ಎಂದು ನಿಟ್ಟುಸಿರುಬಿಟ್ಟರು. ನನಗೋ ಅವರನ್ನು ಕಂಡು ಅಸೂಯೆ. ಬೀಗರು, ಆರು ತಿಂಗಳು, ತುಂಬಿದ ಮನೆ. ಇನ್ನೇನು ಬೇಕು ಮನುಷ್ಯನಿಗೆ?

ಆಗ ಜೋನ್ ಎದ್ದು ನಿಂತರು. "ನನ್ನ ಮಗ ಪ್ರತಿ ಕ್ರಿಸ್‌ಮಸ್‌ಗೆ ಬ್ರಿಸ್ಬೇನ್‌ನಿಂದ ಬರ್ತಾನೆ. ಮೋಟೆಲ್‌ನಲ್ಲಿ ಇಳ್ಕೋತಾನೆ. ನನಗೆ ತೊಂದರೆ ಆಗಬಾರದಂತೆ. ದಯವಿಟ್ಟು ಈ ತೆರಿಗೆ ಹಾಕಿ. ಸ್ವಲ್ಪ ಜೋರಾಗೇ ಹಾಕಿ."

ಇಡೀ ಸಭೆ ಗೊಳ್ಳೆಂದು ನಕ್ಕಿತು. ಜೋನ್ ನಗಲಿಲ್ಲ. ನನಗೂ ನಗು ಬರಲಿಲ್ಲ. ಅಮ್ಮನ ಮನೆಗೂ ಅಪಾಯಿಂಟ್‌ಮೆಂಟ್ ತಗೊಂಡು ಹೋಗುವ ಜನ ಎಂದು ನಾವು ಕಿವಿಗಳನ್ನು, ಅಂದರೆ ಈ ನ್ಯೂಜಿಲೆಂಡಿನವರನ್ನು, ಆಡಿಕೊಳ್ಳುತ್ತೇವಲ್ಲ, ಆ ಅಮ್ಮಂದಿರನ್ನು ಯಾರಾದರೂ ಕೇಳಿದ್ದೇವೆಯೇ? ತೆರಿಗೆಯ ಪರ ಇರುವವರು ಕೈ ಎತ್ತಿ ಎಂದಾಗ ನನ್ನದೇ ಮೊದಲ ಕೈ. ರೇಟ್ಸ್ ವಿಷಯ ದೇವರಾಣೆಗೂ ನೆನಪಿರಲಿಲ್ಲ.

ಮನೆಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿದೆ. "ಇಲ್ಲಿ ಹೋಟೆಲ್‌ಗೆ ಹೊಸ ಟ್ಯಾಕ್ಸ್ ಬರತ್ತಂತೆ ಕಣಕ್ಕಾ" ಎಂದೆ. (ಇನ್ನೂ ಏನೂ ತೀರ್ಮಾನವಾಗಿಲ್ಲ ಎಂಬುದನ್ನು ನುಂಗಿಕೊಂಡೆ.) ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಕೊತ್ತಂಬರಿಗೆ ಮಾರುವವನು ಕೈ ಮುಗಿಯುವವರೆಗೂ ಚೌಕಾಸಿ ಮಾಡುವವಳು ನಮ್ಮಕ್ಕ. ಆಸೆಯಿಂದ ಕಾದೆ.

"ಪರವಾಗಿಲ್ಲ ಬಿಡೇ, ಕಟ್ಟಿದ್ರಾಯ್ತು" ಎಂದಳು. "ನಿನಗೆ ತೊಂದ್ರೆ ಕೊಡೋದಕ್ಕಿಂತ ವಾಸಿ."

ಆದರೂ ಗೆಸ್ಟ್ ರೂಮಿನ ಹಾಸಿಗೆ ಜಾಡಿಸಿ, ಒಂದೇ ಒಂದು ರಗ್ಗು ಇಟ್ಟು ಬಂದಿದ್ದೇನೆ. ಅವಳು ಪೂರ್ತಿ ಎಳೆದುಕೊಳ್ಳಲಿ, ಈ ಸಲ ಯಾರಿಗೂ ದೂರು ಹೇಳುವುದಿಲ್ಲ.

ತೆರಿಗೆ ಬೇಕು ಎನ್ನಲೂ ಬೇಡ ಎನ್ನಲೂ ಸಭೆಗಳಿವೆ. ನಮ್ಮವರು ನಮಗೆ ತೊಂದರೆ ಕೊಡಲಿ ಎಂದು ಯಾವ ಕೌನ್ಸಿಲ್‌ಗೆ ಅರ್ಜಿ ಹಾಕಬೇಕು, ಹೇಳಿ?